ಮಣ್ಣಿನ ಹದವೂ ಯಂತ್ರದ ಪಾಠವೂ

ಬೇವೂರನ್ನೊಳಗೊಂಡ ಯಲಬುರ್ಗಾ ತಾಲ್ಲೂಕು ಮಳೆ ಕಡಮೆಯ ಸೀಮೆ. ಕೊಳವೆಬಾವಿಯ ನೀರಿನ ಬೆಲೆ ಇಲ್ಲಿಯ ಭೂಮಾಲಿಕರಿಗೆ ವಿದಿತವೇ ಆಗಿದೆ. ಆದರೂ ಆಟೋ ಸ್ಟಾರ್ಟರ್ ಜೋಡಿಸಿದ ಪಂಪು, ರಾತ್ರಿ ಕರೆಂಟು ಬಂದೊಡನೆ, ಹೊಲವು ನೆನೆದಿದ್ದರೂ ನೀರೆತ್ತತೊಡಗುತ್ತದೆ. ಅದು ಕರೆಂಟನ್ನು ಬಲ್ಲುದು, ಮಣ್ಣಿನ ಹದವನ್ನರಿಯದು.

ಈ ಕೊರತೆಯನ್ನು ನೀಗಬಲ್ಲ ವಿದ್ಯೆಯೊಂದನ್ನು ಗ್ರಾಮದ ತರುಣ ತರುಣಿಯರು ಕಲಿಯುವುದು ಅವಶ್ಯವು. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು ಅಂಗೈಯಗಲದ್ದು. ಕಂಪ್ಯೂಟರಿನಲ್ಲಿ ಬರೆದ ಆಜ್ಞೆಗಳನ್ನು ಒಮ್ಮೆ ತುಂಬಿದರೆ, ಅದು ಅವನ್ನೇ ಎಡೆಬಿಡದೆ ನಡೆಸುತ್ತಿರುತ್ತದೆ. ಸಣ್ಣ ದೀಪವೊಂದನ್ನು ಹೊತ್ತಿಸಿ ಆರಿಸುವುದು ಮೊದಲ ಪಾಠ. ತೇವಮಾಪಕದ ಅಳತೆಯನ್ನೋದುವುದು ಎರಡನೆಯದು. ಮಣ್ಣು ಒಣಗಿದ್ದರೆ ಮಾತ್ರ ದೀಪ ಹೊತ್ತಲೆಂಬ ಷರತ್ತನ್ನು ಬರೆಯುವುದು ಮೂರನೆಯದು.

ಊನೋ ಎಂಬ ಬೋರ್ಡಿನಲ್ಲಿ ಆ ಅಳತೆಯು 0 ಯಿಂದ 1023ರವರೆಗಿನ ಅಂಕಿಯಾಗಿ ದೊರೆಯುತ್ತದೆ. ಯಾವ ಅಂಕಿಗೆ ಮಣ್ಣು ಒಣಗಿತೆನ್ನಬೇಕು? ಎರೆಗೂ ಮಸಾರಿಗೂ ಅದು ಒಂದೇ ಆಗಿರದು. ಇದನ್ನು ಯಂತ್ರವು ತಾನಾಗಿ ನಿರ್ಣಯಿಸಲಾರದು. ಹಿಡಿ ಮಣ್ಣನ್ನು ಹಿಸುಕಿ ಹದ ಹೇಳಬಲ್ಲ ಹಿರಿಯ ರೈತನೇ ಇಲ್ಲಿ ಗುರುವು.

ಒಂದು ಎಚ್ಚರಿಕೆಯುಂಟು. ಈ ಬೋರ್ಡು ಕೇವಲ 5 ವೋಲ್ಟಿನದು. ಮೂರು ಫೇಸಿನ ಪಂಪಿಗೆ ಕಲಿಯುವವರು ಕೈಯಿಕ್ಕಕೂಡದು. ಆ ಜೋಡಣೆಯನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸತಕ್ಕದ್ದು.

ಆದುದರಿಂದ ಊರ ಗೌಡರೂ ಜಮೀನುದಾರರೂ ಇದನ್ನು ಹುಡುಗರ ಆಟವೆಂದು ಕಡೆಗಣಿಸದೆ, ಹೊಲದ ಮೂಲೆಯೊಂದನ್ನು ಈ ಪಾಠಕ್ಕೆ ಬಿಟ್ಟುಕೊಡುವುದು ಯುಕ್ತವು. ಹಿರಿಯರ ಅನುಭವವೂ ಕಿರಿಯರ ವಿದ್ಯೆಯೂ ಕೂಡಿದಲ್ಲಿ ಮಾತ್ರ ಬಾವಿಯ ನೀರು ಉಳಿದೀತು.