ಕ್ಲಾಸಿಕ್ ಪಟ್ಟ ಕಟ್ಟುವವರು ಯಾರು?

ಬೆಂಗಳೂರಿನ ಮಾಲುಗಳ ಪುಸ್ತಕದಂಗಡಿಗೆ ಹೋಗಿ ನೋಡಿ. ಮಕ್ಕಳ ವಿಭಾಗದಲ್ಲಿ "ಕ್ಲಾಸಿಕ್" ಎಂಬ ಪಟ್ಟ ಹೊತ್ತು ಕೂತವು ಬಹುತೇಕ ಇಂಗ್ಲಿಷ್ ಪುಸ್ತಕಗಳೇ. ಅವುಗಳ ಮುಂಚೂಣಿಯಲ್ಲೊಂದು ಹಸಿರು ಹುಳು! ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಬರೆದು ಚಿತ್ರಿಸಿದ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್'. 60ಕ್ಕೂ ಹೆಚ್ಚು ಭಾಷೆ, 5 ಕೋಟಿಗೂ ಮಿಕ್ಕ ಪ್ರತಿ. ಈ ಹುಳುವಿಗೆ ಆ ಪಟ್ಟ ಸಲ್ಲುತ್ತದೆಯೇ?

ಇಂಗ್ಲಿಷ್ ಪುಸ್ತಕವೆಂದು ಓದದೆಯೇ ಬೈದು ಎಸೆಯುವುದು ಅಭಿಮಾನವಲ್ಲ, ಸೋಮಾರಿತನ. ಮೊದಲು ಪುಸ್ತಕ ಬಿಡಿಸೋಣ. ಭಾನುವಾರ ಮೊಟ್ಟೆಯೊಡೆದು ಬಂದ ಹುಳು ಸೋಮವಾರ ಒಂದು ಸೇಬು ತಿನ್ನುತ್ತದೆ, ಮಂಗಳವಾರ ಎರಡು ಮರಸೇಬು. ಹೀಗೇ ಶುಕ್ರವಾರ ಐದು ಕಿತ್ತಳೆ. ಶನಿವಾರ ಕೇಕು, ಐಸ್‌ಕ್ರೀಂ, ಸಾಸೇಜು ಎಲ್ಲ ಮುಕ್ಕಿ ಹೊಟ್ಟೆನೋವು! ಕಡೆಗೆ ಚಿಟ್ಟೆ. ಹುಳು ತಿಂದ ಹಣ್ಣುಗಳಲ್ಲಿ ನಿಜವಾದ ತೂತು. ಮಗು ಬೆರಳು ತೂರಿಸಿ ನಗುತ್ತದೆ. ವಾರವೂ ಎಣಿಕೆಯೂ ಉಪದೇಶವಿಲ್ಲದೆ ಒಳಗಿಳಿಯುತ್ತವೆ. ಹೀಗೆ ತೂತು ಕೊರೆದು ಅಚ್ಚುಹಾಕುವುದು ಅಮೆರಿಕದಲ್ಲಿ ದುಬಾರಿಯಾದಾಗ ಜಪಾನಿನಲ್ಲಿ ಅಚ್ಚು ಮಾಡಿಸಿದರು. ಮೂರು ವರ್ಷದ ಕೂಸಿಗಾಗಿ ಅಷ್ಟು ಹಠ!

ತಪ್ಪಿಲ್ಲವೇ? ಇದೆ. ಕಾರ್ಲ್ ಅವರ ಹುಳು ಗೂಡು ಕಟ್ಟಿ ಚಿಟ್ಟೆಯಾಗುತ್ತದೆ. ಗೂಡು ನೇಯುವವು ರೇಷ್ಮೆಹುಳುವಿನಂಥ ಪತಂಗದ ಹುಳುಗಳು. ರಾಮನಗರದ ಗೂಡಿನ ಮಾರುಕಟ್ಟೆ ಕಂಡ ಹುಡುಗ ಆ ಪುಟದಲ್ಲೇ ತಡೆದು ಕೇಳಿಯಾನು. ಆದರೂ 2021ರಲ್ಲಿ ಕಾರ್ಲ್ ತೀರಿಕೊಂಡ ಮೇಲೂ, ತಾವು ಎಳವೆಯಲ್ಲಿ ಕೇಳಿದ್ದನ್ನು ತಾಯಂದಿರು ತಮ್ಮ ಮಕ್ಕಳಿಗೆ ಓದುತ್ತಿದ್ದಾರೆ. ಪಟ್ಟ ಸಲ್ಲುತ್ತದೆ, ಅನುಮಾನ ಬೇಡ. ಅದನ್ನು ಕಟ್ಟಿದವರು ತಂತಮ್ಮ ಮನೆಮಾತಿನಲ್ಲಿ ತಲೆಮಾರುಗಟ್ಟಲೆ ಓದಿ ಹೇಳಿದ ಜನ.

ನಮ್ಮ ತಕರಾರು ಇರುವುದು ಇಲ್ಲೇ. ಕನ್ನಡದ ಮನೆಯಲ್ಲಿ ಅದೇ ಪುಸ್ತಕವನ್ನು ಇಂಗ್ಲಿಷಿನಲ್ಲಿ ಗಿಳಿಪಾಠ ಮಾಡಿಸಿ, "ನಮ್ಮ ಮಗು ಕ್ಲಾಸಿಕ್ ಓದುತ್ತೆ" ಎಂದು ಬೀಗುವುದು ಯಾವ ಸೀಮೆಯ ಹೆಮ್ಮೆ? 'ಮಂಡೇ' ಬಲ್ಲ ಕೂಸಿಗೆ ಸೋಮವಾರ ತಿಳಿಯದಿದ್ದರೆ ಹುಳು ತಿಂದದ್ದು ಹಣ್ಣನ್ನಲ್ಲ, ನಮ್ಮ ನುಡಿಯನ್ನು!

ಕುವೆಂಪು ದಾರಿ ತೋರಿಸಿದ್ದರು. ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ್ದ, ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕಥನಕವನವನ್ನು ಅವರು ತುಂಗೆಯ ದಡಕ್ಕೆ ತಂದರು. ಕಿಂದರಿಜೋಗಿ ಹುಟ್ಟಿದ. ಇಂದು ಬೊಮ್ಮನಹಳ್ಳಿ ಪರರ ಊರೆಂದು ಯಾವ ಕನ್ನಡಿಗ ಹೇಳಿಯಾನು?

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತು, ಅದಕ್ಕಾಗಿ ಹೋರಾಡಿದೆವು. ಹಿಂದಿನ ಕನ್ನಡಕ್ಕೆ ಕಿರೀಟವೇನೋ ಬಂತು. ಮುಂದಿನ ಕನ್ನಡ ಓದಬೇಕಾದ ಕೂಸಿನ ಕೈಗೆ ಏನು ಕೊಟ್ಟೆವು? ಕನ್ನಡದಲ್ಲಿ ಚಿತ್ರಪುಸ್ತಕವೇ ಇಲ್ಲ ಎಂಬ ಮಾತು ನೆಪ. ನವಕರ್ನಾಟಕ, ಪ್ರಥಮ್ ಬುಕ್ಸ್‌ನಂಥವರು ತಂದಿದ್ದಾರೆ. ಕೇಳುವವರು ಬೇಕಷ್ಟೆ.

ಕನ್ನಡದ ಎಳೆಯರೇ, ಕೇಳುವವರು ನೀವಾಗಿ! ಅಕ್ಕನ ಮಗುವಿನ ಹುಟ್ಟುಹಬ್ಬಕ್ಕೆ ಒಂದು ಕನ್ನಡ ಚಿತ್ರಪುಸ್ತಕ ಒಯ್ಯಿರಿ. ಅಂಗಡಿಯವನು ಇಲ್ಲವೆಂದರೆ ಮರುವಾರ ಮತ್ತೆ ಹೋಗಿ ಕೇಳಿ. ಮನೆ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ಮಕ್ಕಳ ಕಪಾಟು ತೋರಿಸಿ ಎನ್ನಿ. ತಂದ ಪುಸ್ತಕವನ್ನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿ. ಆ ಮಗು ಬೆಳೆದು ಇನ್ನೊಂದು ಮಗುವಿಗೆ ಅದನ್ನೇ ಓದಿದ ದಿನ, ಕನ್ನಡದ ಕ್ಲಾಸಿಕ್ ಹುಟ್ಟಿತೆಂದು ತಿಳಿಯಿರಿ.