ಗೇಟಿನ ಬಳಿಯೇ ನಿಂತ ಕಾನೂನು

1992ರ ಮಾರ್ಚ್ ತಿಂಗಳು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿರುವ ಎಡಿಸನ್ ಹೈಸ್ಕೂಲಿಗೆ ಹನ್ನೆರಡನೇ ತರಗತಿಯ ಹುಡುಗನೊಬ್ಬ ಬಟ್ಟೆಯೊಳಗೆ .38 ರಿವಾಲ್ವರ್ ಅಡಗಿಸಿಕೊಂಡು ಬಂದ. ಜೊತೆಗೆ ಐದು ಗುಂಡುಗಳು. ಅದನ್ನು ಇನ್ನೊಬ್ಬನಿಗೆ ತಲುಪಿಸಿದರೆ ಅವನಿಗೆ 40 ಡಾಲರ್ ಸಿಗುವುದಿತ್ತು, ಅಷ್ಟೇ. ಯಾರೋ ಹೆಸರು ಹೇಳದೆ ಸುಳಿವು ಕೊಟ್ಟರು, ಹುಡುಗ ಸಿಕ್ಕಿಬಿದ್ದ. ಮೊದಲು ಟೆಕ್ಸಸ್ ರಾಜ್ಯದ ಕಾನೂನಿನಡಿ ಕೇಸಾಯಿತು. ಮರುದಿನ ಅದನ್ನು ಕೈಬಿಟ್ಟು ಕೇಂದ್ರದ ಕಾನೂನಿನಡಿ ಹೊಸ ಕೇಸು ಹಾಕಿದರು. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಬಂದೂಕು ಇಟ್ಟುಕೊಂಡು ಓಡಾಡುವುದು ಅಪರಾಧ ಎಂದು ಅಮೆರಿಕದ ಸಂಸತ್ತು 1990ರಲ್ಲಿ ಮಾಡಿದ್ದ ಕಾನೂನು ಅದು.

ಹುಡುಗನ ವಕೀಲರು ಬಂದೂಕಿನ ಬಗ್ಗೆ ವಾದ ಮಾಡಲೇ ಇಲ್ಲ. ಶಾಲೆ ರಾಜ್ಯದ ವಿಷಯ, ಅಲ್ಲಿ ಕೇಂದ್ರಕ್ಕೇನು ಕೆಲಸ ಎಂದು ಕೇಳಿದರು. ಕೇಂದ್ರ ಸರ್ಕಾರದ ಉತ್ತರ ಸ್ವಾರಸ್ಯವಾಗಿತ್ತು. ಬಂದೂಕಿನಿಂದ ಹಿಂಸೆ, ಹಿಂಸೆಯಿಂದ ವಿಮೆಯ ವೆಚ್ಚ. ಬಂದೂಕಿನ ಭಯದಿಂದ ಓದು ಹಾಳು, ಓದು ಹಾಳಾದರೆ ದುಡಿಮೆ ಕಡಿಮೆ. ಆದ್ದರಿಂದ ಶಾಲೆಯ ರಿವಾಲ್ವರ್ ಅಂತರರಾಜ್ಯ ವ್ಯಾಪಾರದ ಪ್ರಶ್ನೆ, ಅದು ನಮ್ಮ ವ್ಯಾಪ್ತಿಗೆ ಬರುತ್ತದೆ! ಇದನ್ನು ಒಪ್ಪಿದರೆ ಕೇಂದ್ರ ಕೈಹಾಕಬಾರದ ವಿಷಯ ಯಾವುದೂ ಉಳಿಯುವುದಿಲ್ಲ ಎಂದರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್. 1995ರ ಏಪ್ರಿಲ್‌ನಲ್ಲಿ ಐದಕ್ಕೆ ನಾಲ್ಕರ ಬಹುಮತದಲ್ಲಿ ಕಾನೂನು ಬಿದ್ದುಹೋಯಿತು. ಹುಡುಗನ ಹೆಸರಿನಿಂದ ‘ಲೋಪೆಜ್ ಪ್ರಕರಣ’ ಎಂದು ಅಲ್ಲಿನ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವುದು ಇದನ್ನೇ. ಮರುವರ್ಷ ಸಂಸತ್ತು ಅದೇ ಕಾನೂನಿಗೆ, ಬಂದೂಕು ಅಂತರರಾಜ್ಯ ವ್ಯಾಪಾರದಲ್ಲಿ ಸಾಗಿಬಂದಿರಬೇಕು ಎಂಬ ಒಂದು ಮಾತು ಸೇರಿಸಿ ಮತ್ತೆ ಜಾರಿಗೆ ತಂದಿತು. ಯಾವ ಬಂದೂಕು ತಾನೇ ಹಾಗೆ ಬಂದಿರುವುದಿಲ್ಲ?

ಇಷ್ಟೆಲ್ಲ ನಡೆದರೂ ಒಂದು ಪ್ರಶ್ನೆ ಆ ಕಾನೂನಿನ ಅಂಚಿಗೂ ಸುಳಿಯಲಿಲ್ಲ. ಶಾಲೆಗೆ ಹೋಗುವ ಹುಡುಗರ ಕೈಗೆ ಬಂದೂಕು ಬರುವುದು ಎಲ್ಲಿಂದ? ಶಾಲೆಯ ಗೇಟಿನಿಂದ ಅಳತೆಪಟ್ಟಿ ಹಿಡಿದು ಸಾವಿರ ಅಡಿ ಅಳೆದ ಕಾನೂನು, ಅದರಾಚೆಯ ಮನೆಯ ಬಾಗಿಲು ತಟ್ಟಲಿಲ್ಲ.

ಈ ಮೊಕದ್ದಮೆ ಕೋರ್ಟಿನಲ್ಲಿರುವಾಗಲೇ, 1994ರಲ್ಲಿ, ಇನ್ನೊಂದು ಕಾನೂನು ಬಂತು. ಶಿಕ್ಷಣಕ್ಕೆ ಕೇಂದ್ರದ ಅನುದಾನ ಬೇಕೆನ್ನುವ ಪ್ರತಿ ರಾಜ್ಯವೂ, ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಗಿಡುವ ನಿಯಮ ಮಾಡಬೇಕು ಎಂದು ಅದು ಹೇಳಿತು. ಬಂದೂಕು, ಬಾಂಬು, ಅಂಥವು ಮಾತ್ರ. ಚಾಕು, ಕತ್ತರಿ, ಆಟಿಕೆಗಳ ಸುದ್ದಿ ಅದರಲ್ಲಿ ಇರಲಿಲ್ಲ. ಬೀಗ ಹಾಕಿದ ವಾಹನದೊಳಗೆ ಕಾನೂನುಬದ್ಧವಾಗಿ ಇಟ್ಟ ಬಂದೂಕಿಗೆ ಅನ್ವಯಿಸದು ಎಂಬ ವಿನಾಯಿತಿಯೂ ಅದರಲ್ಲಿದೆ; ಬೇಟೆಯ ಸೀಸನ್ನಿನಲ್ಲಿ ರೈಫಲ್ಲನ್ನು ಗಾಡಿಯಲ್ಲೇ ಇಟ್ಟುಕೊಂಡು ಶಾಲೆಗೆ ಬರುವ ಹಳ್ಳಿ ಹುಡುಗರು ಅಲ್ಲಿ ಇದ್ದಾರೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಾಕ್ಯವೂ ಅದರಲ್ಲಿತ್ತು. ಆಯಾ ಶಾಲಾ ಜಿಲ್ಲೆಯ ಮುಖ್ಯ ಅಧಿಕಾರಿ ಒಂದೊಂದು ಪ್ರಕರಣವನ್ನೂ ಪ್ರತ್ಯೇಕವಾಗಿ ನೋಡಿ ಶಿಕ್ಷೆಯನ್ನು ಬದಲಿಸಬಹುದು. ನನ್ನ ಪ್ರಕಾರ ಇಡೀ ಕಾನೂನಿನಲ್ಲಿ ಬುದ್ಧಿವಂತರು ಬರೆದ ವಾಕ್ಯ ಅದೊಂದೇ. ಎಲ್ಲರೂ ಮರೆತದ್ದೂ ಅದನ್ನೇ.

ಮುಂದೆ ಆದದ್ದನ್ನು ನೋಡಿ. ರಾಜ್ಯಗಳು ಬಂದೂಕಿನ ಪಟ್ಟಿಗೆ ಚಾಕು ಸೇರಿಸಿದವು, ಶಾಲಾ ಮಂಡಳಿಗಳು ಚಾಕುವಿನ ಪಟ್ಟಿಗೆ ಚಾಕುವಿನಂತೆ ಕಾಣುವುದನ್ನೆಲ್ಲ ಸೇರಿಸಿದವು. ಅದಕ್ಕೆ ‘ಝೀರೋ ಟಾಲರೆನ್ಸ್’ ಎಂಬ ಹೆಮ್ಮೆಯ ಹೆಸರೂ ಸಿಕ್ಕಿತು. 2000ದಲ್ಲಿ ಜಾರ್ಜಿಯಾದಲ್ಲಿ ಹನ್ನೊಂದು ವರ್ಷದ ಹುಡುಗಿಯನ್ನು ಹತ್ತು ದಿನ ಶಾಲೆಯಿಂದ ಹೊರಗಿಟ್ಟರು. ಅವಳ ಪರ್ಸಿಗೆ ಟ್ವೀಟಿ ಹಕ್ಕಿಯ ಗೊಂಬೆಯಿದ್ದ ಸಣ್ಣ ಸರಪಳಿ ಇತ್ತು, ಸರಪಳಿ ಎಂದರೆ ಆಯುಧ. 2013ರಲ್ಲಿ ಮೇರಿಲ್ಯಾಂಡಿನಲ್ಲಿ ಏಳು ವರ್ಷದ ಹುಡುಗ ತಿಂಡಿಯನ್ನು ಅಲ್ಲಲ್ಲಿ ಕಚ್ಚಿ ಪಿಸ್ತೂಲಿನ ಆಕಾರಕ್ಕೆ ತಂದನೆಂದು ಎರಡು ದಿನದ ಅಮಾನತು. ಅದು ಕೋರ್ಟಿಗೂ ಹೋಯಿತು, ಕೋರ್ಟು ಶಾಲೆಯ ಪರ ನಿಂತಿತು. ಅರ್ಧ ತಿಂದ ತಿಂಡಿಯ ಬಗ್ಗೆ ನ್ಯಾಯಾಧೀಶರು ತೀರ್ಪು ಬರೆದ ದೇಶ ಬೇರೊಂದು ಇದ್ದಂತಿಲ್ಲ.

ಡೆಲಾವೇರ್ ರಾಜ್ಯದ 2009ರ ಪ್ರಕರಣ ಇವೆರಡಕ್ಕಿಂತ ಹೆಚ್ಚು ಕಲಿಸುತ್ತದೆ. ಒಂದನೇ ತರಗತಿಯ ಆರು ವರ್ಷದ ಹುಡುಗ ಆಗಷ್ಟೇ ಕಬ್ ಸ್ಕೌಟ್ ಸೇರಿದ್ದ. ಚಮಚ, ಫೋರ್ಕು, ಚಾಕು ಮೂರೂ ಒಂದರಲ್ಲೇ ಮಡಚಿಕೊಳ್ಳುವ ಸಾಧನವೊಂದನ್ನು ಶಿಬಿರಗಳಲ್ಲಿ ಬಳಸುತ್ತಾರಲ್ಲ, ಅದನ್ನು ಊಟಕ್ಕೆಂದು ಶಾಲೆಗೆ ತಂದ. ಖುಷಿಗೆ ತಂದದ್ದು. ಶಾಲೆಯ ನಿಯಮದಲ್ಲಿ ಮಗುವಿನ ವಯಸ್ಸಾಗಲಿ ಉದ್ದೇಶವಾಗಲಿ ಲೆಕ್ಕಕ್ಕಿಲ್ಲ. ಹಾಗಾಗಿ 45 ದಿನ, ದಾರಿತಪ್ಪಿದ ಮಕ್ಕಳಿಗೆಂದು ಇರುವ ಬೇರೆ ಶಾಲೆಗೆ ಕಳಿಸಬೇಕೆಂದಾಯಿತು. ಪತ್ರಿಕೆಗಳಲ್ಲಿ ಸುದ್ದಿಯಾಗಿ ದೇಶವೆಲ್ಲ ನಕ್ಕ ಮೇಲೆ ಶಾಲಾ ಮಂಡಳಿ ಸಭೆ ಸೇರಿ, ಅಷ್ಟು ಚಿಕ್ಕ ಮಕ್ಕಳಿಗೆ ಮೂರರಿಂದ ಐದು ದಿನದ ಅಮಾನತು ಸಾಕೆಂದು ನಿಯಮ ಬದಲಿಸಿತು. ನಿಯಮವನ್ನು ಅಷ್ಟು ಬಿಗಿಯಾಗಿಟ್ಟದ್ದು ಯಾಕೆಂದು ಕೇಳಿದರೆ ಅಧಿಕಾರಿಗಳ ಬಳಿ ಉತ್ತರವಿತ್ತು: ವಿವೇಚನೆಗೆ ಬಿಟ್ಟರೆ ಬಿಳಿಯ ಮಕ್ಕಳಿಗೆ ಒಂದು ನ್ಯಾಯ, ಕಪ್ಪು ಮಕ್ಕಳಿಗೆ ಇನ್ನೊಂದು ನ್ಯಾಯ ಆಗುತ್ತದೆ.

ಈ ವಾದವನ್ನು ನಾನು ಲಘುವಾಗಿ ತಳ್ಳಿಹಾಕಲಾರೆ. ವಿವೇಚನೆ ಎಂಬುದು ನಮ್ಮಲ್ಲೂ ಎಷ್ಟೋ ಸಲ ನಮ್ಮವರಿಗೆ ಕೊಡುವ ರಿಯಾಯಿತಿಯ ಇನ್ನೊಂದು ಹೆಸರು. ಎಲ್ಲರಿಗೂ ಒಂದೇ ಶಿಕ್ಷೆ ಎಂದರೆ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಬಿಗಿ ನಿಯಮದಿಂದ ತಾರತಮ್ಯ ಹೋಯಿತೇ? 2011-12ರ ಸರ್ಕಾರಿ ಲೆಕ್ಕದಲ್ಲೇ, ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಿಂತ ಮೂರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಅಮಾನತಾಗುತ್ತಿದ್ದರು. ಯಾರ ಬ್ಯಾಗು ತೆರೆಯಬೇಕು, ಯಾರನ್ನು ಆಫೀಸಿಗೆ ಕಳಿಸಬೇಕು ಎಂಬ ವಿವೇಚನೆ ತರಗತಿಯಲ್ಲಿ ಹಾಗೇ ಉಳಿದಿತ್ತು. ಕರುಣೆ ತೋರಿಸುವ ವಿವೇಚನೆ ಮಾತ್ರ ಹೋಯಿತು. ಈ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವೆಂಬುದಕ್ಕೆ ಪುರಾವೆ ಇಲ್ಲ ಎಂದು ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2006ರಲ್ಲೇ ಹೇಳಿತು.

ಹೆಡ್‌ಮಾಸ್ಟರುಗಳು ಕಟುಕರಾಗಿದ್ದರಿಂದ ಹೀಗಾಗಲಿಲ್ಲ, ಹೆದರಿದ್ದರಿಂದ ಆಯಿತು. 1999ರ ಏಪ್ರಿಲ್‌ನಲ್ಲಿ ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹನ್ನೆರಡು ಸಹಪಾಠಿಗಳನ್ನೂ ಒಬ್ಬ ಮೇಷ್ಟರನ್ನೂ ಕೊಂದು ತಾವೂ ಸತ್ತರು. ಆಗ ಎರಡೂ ಕಾನೂನುಗಳು ಜಾರಿಯಲ್ಲಿದ್ದವು. ಸಾಯಲು ಸಿದ್ಧನಾಗಿ ಬಂದವನಿಗೆ ಒಂದು ವರ್ಷ ಶಾಲೆಯಿಂದ ಹೊರಹಾಕುತ್ತೇವೆ ಎಂಬ ಬೆದರಿಕೆ ಏನು ನಾಟೀತು? ಅವನನ್ನು ತಡೆಯಲಾಗದ ನಿಯಮ ಯಾರನ್ನಾದರೂ ಹಿಡಿಯಲೇಬೇಕಲ್ಲ, ಚಮಚ ತಂದವನನ್ನು ಹಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬಂದೂಕು ಎಲ್ಲಿಂದ ಬರುತ್ತದೆ ಎಂಬುದನ್ನು ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಲೆಕ್ಕ ಹಾಕಿವೆ. 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು, ಅವನ್ನು ನಡೆಸಿದ 41 ಮಂದಿಯನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟವು. ಬಂದೂಕು ಸಿಕ್ಕಿದ್ದು ಶೇ. 68ರಷ್ಟು ಪ್ರಕರಣಗಳಲ್ಲಿ ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ಶೇ. 81ರಲ್ಲಿ ಹೀಗೊಂದು ಆಗಲಿದೆ ಎಂದು ಕನಿಷ್ಠ ಇನ್ನೊಬ್ಬರಿಗೆ ಮೊದಲೇ ಗೊತ್ತಿತ್ತು. ಸಾಮಾನ್ಯವಾಗಿ ಸ್ನೇಹಿತನಿಗೋ ಸಹಪಾಠಿಗೋ. ಅಂದರೆ ಬೀರುವಿಗೆ ಬೀಗವಿದ್ದಿದ್ದರೆ, ಗೆಳೆಯನಿಗೆ ಹೋಗಿ ಹೇಳಲು ನಂಬಿಕೆಯ ಮೇಷ್ಟರೊಬ್ಬರು ಇದ್ದಿದ್ದರೆ ಎಂಬ ಎರಡು ‘ಇದ್ದಿದ್ದರೆ’ಗಳು. ಝೀರೋ ಟಾಲರೆನ್ಸ್ ಎರಡನೆಯದನ್ನು ಇನ್ನೂ ಕಷ್ಟವಾಗಿಸಿತು. ಹೇಳಿದರೆ ಗೆಳೆಯನ ಒಂದು ವರ್ಷ ಹಾಳಾಗುತ್ತದೆ ಎಂದು ಗೊತ್ತಿರುವ ಹುಡುಗ ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

2023ರ ಜನವರಿಯಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಆರು ವರ್ಷದ ಹುಡುಗನೊಬ್ಬ ತರಗತಿಯಲ್ಲೇ ತನ್ನ ಟೀಚರಿಗೆ ಗುಂಡು ಹೊಡೆದ. ಪಿಸ್ತೂಲು ತಾಯಿಯದು. ಅವನ ಬಳಿ ಪಿಸ್ತೂಲಿದೆ ಎಂಬ ಮಾತು ಅವತ್ತು ಶಾಲೆಯ ಸಿಬ್ಬಂದಿಯ ಕಿವಿಗೆ ಬಿದ್ದಿತ್ತು, ಅವನ ಬ್ಯಾಗನ್ನೂ ನೋಡಿದ್ದರು, ಏನೂ ಸಿಕ್ಕಿರಲಿಲ್ಲ. ಟೀಚರ್ ಬದುಕಿದರು, ತಾಯಿ ಜೈಲಿಗೆ ಹೋದರು. 2021ರಲ್ಲಿ ಮಿಶಿಗನ್ನಿನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಹುಡುಗನ ತಂದೆ ತಾಯಿ ಇಬ್ಬರಿಗೂ 2024ರಲ್ಲಿ ಹತ್ತರಿಂದ ಹದಿನೈದು ವರ್ಷಗಳ ಶಿಕ್ಷೆಯಾಯಿತು. ಮಗನಿಗೆ ಪಿಸ್ತೂಲು ಕೊಡಿಸಿದ್ದು ಅವರೇ. ಕಾನೂನಿಗೆ ಸಾವಿರ ಅಡಿ ದಾಟಿ ಮನೆಯೊಳಗೆ ಬರಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು, ಅದೂ ಹೆಣಗಳು ಬಿದ್ದ ಮೇಲೆ. ಬಂದೂಕನ್ನು ಹೇಗೆ ಬೀಗ ಹಾಕಿ ಇಡಬೇಕು ಎಂದು ಶಾಲೆಗಳು ಪ್ರತಿ ವರ್ಷ ಪೋಷಕರಿಗೆ ಬರೆದು ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿನ ನಮ್ಮ ಕನ್ನಡಿಗರ ಮನೆಗಳಿಗೂ ಆ ಪತ್ರ ಬರುತ್ತದೆ. ಮಕ್ಕಳನ್ನು ಬೇರೆಯವರ ಮನೆಗೆ ಆಡಲು ಕಳಿಸುವಾಗ ‘ಕಡಲೆಕಾಯಿ ಅಲರ್ಜಿ ಇದೆ’ ಎಂದು ಹೇಳಲು ಯಾರಿಗೂ ಸಂಕೋಚವಿಲ್ಲ. ‘ನಿಮ್ಮನೇಲಿ ಗನ್ ಇದೆಯಾ’ ಎಂದು ಕೇಳಲು ನಾಲಿಗೆ ಹೊರಳುವುದಿಲ್ಲ. ಕೇಳಲೇಬೇಕಾದದ್ದು ಅದನ್ನೇ.

ಮನೆಯಲ್ಲಿ ಬಂದೂಕಿದ್ದರೆ ಸಾಕು ಅನಾಹುತ ಎಂದೂ ನಾನು ಹೇಳುತ್ತಿಲ್ಲ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದಿನ ಹಬ್ಬದ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡುವಲ್ಲಿ ಅದು ಒಕ್ಕದ, ಅಂದರೆ ಮನೆತನದ, ಹಿರಿಯರ ಹೊಣೆ, ಹುಡುಗರ ಆಟದ ಸಾಮಾನಲ್ಲ. ಅಮೆರಿಕದ ಬೇಟೆಯ ಹಳ್ಳಿಗಳಲ್ಲೂ ಇಂಥದೇ ಒಂದು ಶಿಸ್ತು ಇತ್ತು, ಅದನ್ನು ಶಾಲೆಗಳೇ ಕಲಿಸುತ್ತಿದ್ದವು. ಟೆಕ್ಸಸ್‌ನ ಯುವಾಲ್ಡಿಯ ಶಾಲೆಯಲ್ಲಿ ಗುಂಡಿನ ದಾಳಿಗೆ ಹತ್ತೊಂಬತ್ತು ಮಕ್ಕಳು ಸತ್ತ ಬಳಿಕ 2022ರಲ್ಲಿ ಬಂದ ಕಾನೂನು, ‘ಅಪಾಯಕಾರಿ ಆಯುಧ’ದ ತರಬೇತಿಗೆ ಶಿಕ್ಷಣದ ಹಣ ಬಳಸಬಾರದೆಂದಿತು. ಉದ್ದೇಶ ಏನಿತ್ತೋ, ಶಿಕ್ಷಣ ಇಲಾಖೆ ಅದನ್ನು ಬಿಲ್ಲುವಿದ್ಯೆಗೂ ಬೇಟೆಯ ಸುರಕ್ಷತಾ ತರಗತಿಗಳಿಗೂ ಅನ್ವಯಿಸಿತು. ಬಂದೂಕನ್ನು ಜೋಪಾನವಾಗಿ ಹಿಡಿಯಲು ಕಲಿಸುವ ತರಗತಿಗೇ ಕತ್ತರಿ! 2023ರಲ್ಲಿ ಅದನ್ನು ತಿದ್ದುವ ಮಸೂದೆ ಕೆಳಮನೆಯಲ್ಲಿ 424-1 ಮತಗಳಿಂದ ಪಾಸಾಯಿತು. ಯಾವುದಕ್ಕೂ ಒಂದಾಗದ ಆ ಎರಡು ಪಕ್ಷಗಳನ್ನು ಒಂದು ಮಾಡಿದ್ದು ಬಿಲ್ಲು ಬಾಣ.

ನಿಷೇಧವನ್ನು ವಿವೇಚನೆಯಿಂದ ನಡೆಸಿದರೆ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಅದು ಕೆನಡಾದ್ದು. 2001ರಲ್ಲಿ ಮಾಂಟ್ರಿಯಲ್‌ನ ಶಾಲೆಯ ಅಂಗಳದಲ್ಲಿ ಒಬ್ಬ ಸಿಖ್ ಹುಡುಗನ ಬಟ್ಟೆಯೊಳಗಿಂದ ಕಿರ್ಪಾನ್ ಎಂಬ ಧಾರ್ಮಿಕ ಕಿರುಗತ್ತಿ ಕೆಳಗೆ ಬಿತ್ತು. ಮೊದಮೊದಲು ಶಾಲಾ ಮಂಡಳಿಯವರು ಹುಡುಗನ ಮನೆಯವರೊಂದಿಗೆ ಮಾತಾಡಿ, ಒರೆಯೊಳಗಿಟ್ಟು ಬಟ್ಟೆಗೆ ಹೊಲಿದುಕೊಂಡರೆ ಸರಿ ಎಂದರು. ಮೇಲಿನವರು ಒಪ್ಪಲಿಲ್ಲ, ಪೂರ್ತಿ ನಿಷೇಧ ಎಂದರು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2006ರ ಮಾರ್ಚ್‌ನಲ್ಲಿ ಆ ನಿಷೇಧ ಒಮ್ಮತದಿಂದ ರದ್ದಾಯಿತು. ಸಿಖ್ ಮಕ್ಕಳು ಕೆನಡಾದ ಶಾಲೆಗಳಿಗೆ ಹೋಗಲು ಶುರುವಾಗಿ ನೂರು ವರ್ಷವಾದರೂ ಶಾಲೆಯಲ್ಲಿ ಕಿರ್ಪಾನ್‌ನಿಂದ ಒಂದೇ ಒಂದು ಹಿಂಸೆಯ ಘಟನೆ ವರದಿಯಾಗಿಲ್ಲ ಎಂಬುದನ್ನು ಕೋರ್ಟು ಗಮನಿಸಿತು; ಕತ್ತರಿ, ಪೆನ್ಸಿಲ್, ಬೇಸ್‌ಬಾಲ್ ಬ್ಯಾಟು ಮಕ್ಕಳಿಗೆ ಇದಕ್ಕಿಂತ ಸುಲಭವಾಗಿ ಸಿಗುತ್ತವೆ ಎಂಬುದನ್ನೂ. ಕೊನೆಗೆ ಉಳಿದದ್ದು ಮರದ ಒರೆ, ಅದರ ಮೇಲೆ ಬಟ್ಟೆ, ಬಟ್ಟೆಗೆ ಗಟ್ಟಿ ಹೊಲಿಗೆ. ಮೊದಲ ಮಾತುಕತೆಯಲ್ಲಿ ಹೊಳೆದಿದ್ದ ಉಪಾಯವೇ ನಾಲ್ಕು ವರ್ಷಗಳ ನಂತರ ಕೋರ್ಟಿನ ಮುದ್ರೆಯೊಂದಿಗೆ ಬಂತು.

ಇಷ್ಟು ದೂರದ ಮಾತು ಈಗ ಯಾಕೆಂದರೆ, ಅದೇ ಹಾದಿಗೆ ನಾವೂ ಕಾಲಿಟ್ಟಿದ್ದೇವೆ. 2024ರ ಆಗಸ್ಟ್‌ನಲ್ಲಿ ಉದಯಪುರದ ಸರ್ಕಾರಿ ಶಾಲೆಯ ಹತ್ತನೇ ತರಗತಿ ಹುಡುಗನೊಬ್ಬ ಸಹಪಾಠಿಗೆ ಚಾಕು ಹಾಕಿದ. ಗಾಯಗೊಂಡ ಹುಡುಗ ಕೆಲವೇ ದಿನಗಳಲ್ಲಿ ತೀರಿಕೊಂಡ. ಜಗಳಕ್ಕೆ ಕೋಮು ಬಣ್ಣ ಹತ್ತಿ ಊರಲ್ಲಿ ಬೆಂಕಿ ಬಿತ್ತು. ಹರಿತವಾದ ವಸ್ತುಗಳನ್ನು ಶಾಲೆಗೆ ತರುವಂತಿಲ್ಲ, ಬ್ಯಾಗುಗಳನ್ನು ತಪಾಸಣೆ ಮಾಡಬೇಕು ಎಂದು ರಾಜಸ್ಥಾನದ ಶಿಕ್ಷಣ ಇಲಾಖೆ ಆದೇಶ ಹೊರಡಿಸಿತು. ಇದು ಗೇಟಿನ ಕತೆ. ಮನೆಯ ಕತೆ ಇನ್ನೂ ವಿಚಿತ್ರ. ಆರೋಪಿ ಹುಡುಗನ ಕುಟುಂಬ ವಾಸವಿದ್ದ ಮನೆಯನ್ನು ಮರುದಿನವೇ ಬುಲ್ಡೋಜರ್ ತಂದು ಕೆಡವಿದರು. ಮನೆ ಅವರದ್ದಲ್ಲ, ಬಾಡಿಗೆಯದು. ಮನೆಯ ಮಾಲೀಕ ಸುಪ್ರೀಂ ಕೋರ್ಟಿಗೆ ಹೋದರು. ಆರೋಪಿ ಎಂದ ಮಾತ್ರಕ್ಕೆ ಮನೆ ಕೆಡವುವಂತಿಲ್ಲ, ಹದಿನೈದು ದಿನದ ನೋಟಿಸ್ ಇಲ್ಲದೆ ಬುಲ್ಡೋಜರ್ ಬರುವಂತಿಲ್ಲ ಎಂದು ಅದೇ ನವೆಂಬರ್‌ನಲ್ಲಿ ಬಂದ ತೀರ್ಪಿನ ಹಿಂದೆ ಇದ್ದ ಅರ್ಜಿಗಳಲ್ಲಿ ಅವರದ್ದೂ ಒಂದು. ಅಮೆರಿಕದ ಕಾನೂನು ಮನೆಯ ಹೊಸ್ತಿಲು ತುಳಿಯಲು ಮೂವತ್ತು ವರ್ಷ ಹಿಂದೆಮುಂದೆ ನೋಡಿತು, ನಮ್ಮದು ಮರುದಿನವೇ ಗೋಡೆ ಒಡೆದುಕೊಂಡು ನುಗ್ಗಿತು. ನಡುವಿನ ದಾರಿಯಾದ ವಿಚಾರಿಸಿ ನೋಡುವುದು ಎರಡೂ ಕಡೆ ಕಾಣಲಿಲ್ಲ.

ಬ್ಯಾಗ್ ತಪಾಸಣೆಯ ರುಚಿ ಬೆಂಗಳೂರಿಗೂ ಗೊತ್ತು. 2022ರ ನವೆಂಬರ್‌ನಲ್ಲಿ ಮೊಬೈಲ್ ಹುಡುಕಲೆಂದು ಇಲ್ಲಿನ ಕೆಲವು ಶಾಲೆಗಳು ಮಕ್ಕಳ ಬ್ಯಾಗು ತೆರೆದಾಗ ಸಿಗರೇಟು, ಲೈಟರು, ವೈಟ್ನರು, ಕಾಂಡೋಮು ಸಿಕ್ಕವೆಂದು ಟೀವಿಗಳು ದಿನಗಟ್ಟಲೆ ಕುಣಿದವು. ಮಕ್ಕಳು ಅದರಿಂದ ಕಲಿತದ್ದು ಬ್ಯಾಗಿನಲ್ಲಿ ಏನನ್ನೂ ಇಡಬಾರದು ಎಂದಿರಬೇಕು, ಅಷ್ಟೇ. ನಮ್ಮ ಇಲಾಖೆಯೂ ಒಂದು ದಿನ, ಯಾವುದೋ ಊರಿನ ದುರಂತದ ಮರುದಿನ, ಆಯುಧ ನಿಷೇಧದ ಸುತ್ತೋಲೆ ಬರೆಯುತ್ತದೆ. ಅವತ್ತು ಕಂಪಾಸ್ ಪೆಟ್ಟಿಗೆಯ ಕೈವಾರ ಆಯುಧವೋ ಅಲ್ಲವೋ ಎಂದು ನಿರ್ಧರಿಸಬೇಕಾದವರು ಹಳ್ಳಿಯ ಶಾಲೆಯ ಹೆಡ್‌ಮಿಸ್ಟ್ರೆಸ್. ಆ ಸುತ್ತೋಲೆಯಲ್ಲಿ 1994ರ ಕಾನೂನಿನ ಆ ವಾಕ್ಯದಂಥದ್ದೊಂದಾದರೂ ಇರಲಿ: ಮಗುವಿನ ವಯಸ್ಸು, ಉದ್ದೇಶ ನೋಡಿ, ಕಾರಣ ಬರೆದಿಟ್ಟು ಶಿಕ್ಷೆಯನ್ನು ಬದಲಿಸುವ ಅಧಿಕಾರ ಅವರಿಗಿದೆ ಎಂದು. ಅದರ ಕೆಳಗೆ, ಹಾಗೆ ಬದಲಿಸಿದ್ದಕ್ಕೆ ಬಿಇಒ ಕಚೇರಿಯಿಂದ ಅವರಿಗೆ ನೋಟಿಸ್ ಹೋಗಬಾರದು ಎಂಬ ಇನ್ನೊಂದು ಸಾಲೂ ಇರಲಿ.