ಬಾತುಕೋಳಿ ಫೋಟೋದ ಹಿಂದೆ

ಅಲ್ಲಾ ಮಾರಾಯ್ರೆ, ಮ್ಯಾಂಚೆಸ್ಟರಿಗೆ ಹೋದ ಕನ್ನಡಿಗರೆಲ್ಲ ಯಾಕೆ ಒಂದೇ ಪ್ರವಾಸಕಥನ ಬರೀತಾರೆ? ಕಾಲುವೆ ದಂಡೆ, ಬಾತುಕೋಳಿ, ಬಣ್ಣ ಬಳಿದ ದೋಣಿ, ಕೆಂಪು ಇಟ್ಟಿಗೆಯ ಹಳೇ ಗಿರಣಿ... ಕೊನೆಗೊಂದು ನಿಟ್ಟುಸಿರು: "ಅವರ ನೀರು ನೋಡಿ, ನಮ್ಮ ವೃಷಭಾವತಿ ನೋಡಿ. ನಮ್ಮ ಜನಕ್ಕೆ ಶಿಸ್ತೇ ಇಲ್ಲ." ಈ ಕೊನೇ ಸಾಲಿನ ಮೇಲೇ ನನ್ನ ತಕರಾರು.

ಮೊನ್ನೆ ನಾನೂ ಗೆಳೆಯನ ಜೊತೆ ಅದೇ ದಾರೀಲಿ ನಡೆದೆ. ಡ್ಯೂಸಿ ಸ್ಟ್ರೀಟಿನಿಂದ ಕಾಸಲ್‌ಫೀಲ್ಡಿಗೆ ರಾಚ್‌ಡೇಲ್ ಕಾಲುವೆ ಒಂಬತ್ತು ಲಾಕ್‌ಗಳಲ್ಲಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತೆ. ಲಾಕ್ ಅಂದ್ರೆ ಎರಡೂ ಕಡೆ ಬಾಗಿಲಿರೋ ನೀರಿನ ಕೋಣೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರನ್ನ ಕೆಳಗೆ ಬಿಟ್ಟರೆ ದೋಣಿಯೂ ಜೊತೆಗೇ ಇಳಿಯುತ್ತೆ. 1804ರಲ್ಲಿ ಮುಗಿದ ಕಾಲುವೆ, ಇವತ್ತೂ ಆ ಬಾಗಿಲುಗಳನ್ನ ಜನ ಬೆನ್ನು ಕೊಟ್ಟು ತಳ್ಳುತ್ತಾರೆ. ನಿಂತು ನೋಡಿದೆ, ಖುಷಿಯಾಯ್ತು, ಸುಳ್ಳು ಹೇಳಲ್ಲ. ಮುಂದೆ ಸಿಗೋದು 1761ರ ಬ್ರಿಡ್ಜ್‌ವಾಟರ್ ಕಾಲುವೆ. ಅದನ್ನ ತೋಡಿದ್ದು ವರ್ಸ್ಲಿ ಗಣಿಯ ಕಲ್ಲಿದ್ದಲು ತರೋಕೆ. ಊರಲ್ಲಿ ಕಲ್ಲಿದ್ದಲು ಅಗ್ಗವಾಯ್ತು, ಹಬೆ ಯಂತ್ರ ಬಂತು, ಗಿರಣಿಗಳು ಎದ್ದವು.

ಆ ಗಿರಣಿಗಳ ಕಾಲದಲ್ಲಿ ನದಿ ಹೇಗಿತ್ತು? 1842ರಿಂದ 44ರವರೆಗೆ ಏಂಗೆಲ್ಸ್ ಇದೇ ಊರಲ್ಲಿದ್ದ. ಇರ್ಕ್ ನದಿ ಬಗ್ಗೆ ಅವನು ಬರೆದದ್ದನ್ನ ಓದಿದರೆ ಕೆಂಗೇರಿ ಹತ್ರ ನಿಂತ ಹಾಗಾಗುತ್ತೆ. ಚರ್ಮ ಹದ ಮಾಡೋರದ್ದು, ಬಣ್ಣ ಹಾಕೋರದ್ದು, ಮೂಳೆ ಅರೆಯೋರದ್ದು, ಕಕ್ಕಸಿನದ್ದು, ಎಲ್ಲಾ ಹೊಲಸೂ ಒಂದೇ ಹೊಳೆಗೆ. ಆ ಜನಕ್ಕೆ ಆಗ ಶಿಸ್ತಿರಲಿಲ್ವಾ? ಈಗ ಆ ಇರ್ಕ್ ಎಲ್ಲಿ ಅಂತ ಹುಡುಕಿದ್ರೆ, ವಿಕ್ಟೋರಿಯಾ ಸ್ಟೇಷನ್ನಿನ ಅಡಿಯಲ್ಲಿ ಸುರಂಗದೊಳಗೆ ಹರೀತಿದೆ! ನಾವು ರಾಜಕಾಲುವೆ ಮೇಲೆ ಸ್ಲ್ಯಾಬ್ ಹಾಕ್ತೀವಲ್ಲ, ಅದೇ ವಿದ್ಯೆ.

ನೀರು ತಿಳಿಯಾಗಿದ್ದು ಸಂಸ್ಕಾರದಿಂದಲ್ಲ ಸ್ವಾಮಿ. ಮೊದಲನೇದಾಗಿ ಗಿರಣಿಗಳೇ ಮುಚ್ಚಿದವು. 1982ರಲ್ಲಿ ಸಾಲ್‌ಫರ್ಡ್ ಹಡಗುಕಟ್ಟೆಯೂ ಮುಚ್ಚಿತು. ಆಮೇಲೆ 1985ರಿಂದ 2010ರವರೆಗೆ, ಬರೋಬ್ಬರಿ 25 ವರ್ಷ, ಮರ್ಸಿ ನದಿ ಮತ್ತದರ ಉಪನದಿಗಳನ್ನ ತೊಳೆಯೋಕೆ ಅಂತಲೇ ಒಂದು ಯೋಜನೆ ನಡೀತು. ಸಾಲ್‌ಫರ್ಡಿನಲ್ಲಿ ಕಟ್ಟೆಯ ನೀರನ್ನ ಹಡಗುಕಾಲುವೆಯಿಂದ ಗೋಡೆ ಹಾಕಿ ಬೇರೆ ಮಾಡಿ, ಪಂಪಿನಿಂದ ಗಾಳಿ ಊದಿ, ಮೀನು ಬಿಟ್ಟರು. ದುಡ್ಡು, ಕಾನೂನು, ಕಾಲು ಶತಮಾನ. ಇಷ್ಟಾದರೂ ಇವತ್ತಿಗೂ ಜೋರು ಮಳೆ ಬಂದರೆ ಅಲ್ಲಿನ ಚರಂಡಿ ಉಕ್ಕಿ ನದಿಗೇ ಬೀಳುತ್ತೆ.

ಮತ್ತೆ ಅವರು ಬಟ್ಟೆ ಹಾಕೋದು ನಿಲ್ಲಿಸಿದ್ರಾ? ಇಲ್ಲವಲ್ಲ. ಬಣ್ಣ ಹಾಕೋ ಕೆಲಸ ಈ ಕಡೆ ಬಂತು. ತಿರುಪ್ಪೂರಿನ ನೊಯ್ಯಲ್ ನದಿ ಎಷ್ಟು ಕೆಟ್ಟಿತು ಅಂದ್ರೆ 2011ರಲ್ಲಿ ಮದ್ರಾಸ್ ಹೈಕೋರ್ಟು ಡೈಯಿಂಗ್ ಘಟಕಗಳನ್ನ ಮುಚ್ಚಿಸಬೇಕಾಯ್ತು.

ನಂಟು ಹೊಸದೂ ಅಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಮ್ಯಾಂಚೆಸ್ಟರಿನವರಿಗೆ ಧಾರವಾಡದ ಹತ್ತಿ ಬೇಕಾಯ್ತು, ಅದಕ್ಕೆ ಕಾರವಾರ ಬಂದರು ಬೇಕಾಯ್ತು. 1862ರಲ್ಲಿ ನಮ್ಮ ಉತ್ತರ ಕನ್ನಡವನ್ನ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವಿತ್ತು. ನಾನು ಕಂಡ ಫಲಕಗಳಲ್ಲಿ ಲಾಕ್ ಕಟ್ಟಿದ ಎಂಜಿನಿಯರನ ಹೆಸರಿತ್ತು, ಹತ್ತಿ ಬೆಳೆದ ಊರಿನ ಹೆಸರಿರಲಿಲ್ಲ.

ವೃಷಭಾವತಿ ಹಾಗೇ ಇರಲಿ ಅಂತಲ್ಲ ನಾನು ಹೇಳೋದು. ಬೈಯೋದಾದ್ರೆ ರಾತ್ರೋರಾತ್ರಿ ಕಾರ್ಖಾನೆ ನೀರು ಬಿಡೋರನ್ನ ಬೈಯಿರಿ, ಗೊತ್ತಿದ್ದೂ ಸುಮ್ಮನಿರೋ ಅಧಿಕಾರಿಗಳನ್ನ ಬೈಯಿರಿ. "ನಮ್ಮ ಜನ" ಅಂದುಬಿಟ್ಟರೆ ಇವರೆಲ್ಲ ಆರಾಮಾಗಿ ತಪ್ಪಿಸಿಕೊಳ್ತಾರೆ.

ಕಾಸಲ್‌ಫೀಲ್ಡಿನಲ್ಲಿ ಗೆಳೆಯ "ಮಾರಾಯ, ಭಾಷಣ ಸಾಕು, ಒಂದು ಫೋಟೋ ತೆಗಿ" ಅಂದ. ತೆಗೆದೆ. ಬಾತುಕೋಳಿಯೂ ಬಂದಿದೆ.